ಬಿಟ್ಟುಹೋದ ಸಾಲು
ಪರದೇಶದ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿರುವ ನಾಗವೇಣಿಗೆ ಎರಡು ವಸ್ತು ಒಟ್ಟಿಗೆ ಕಂಡರೆ ಹೋಲಿಸದೆ ಇರಲಾಗದು. ಮಧ್ಯಯುಗದ ಸ್ಲಾವ್ ಕ್ರೈಸ್ತ ಸನ್ಯಾಸಿಗಳು ನಕಲು ಮಾಡಿದ ಪ್ರಾರ್ಥನೆಗಳ ಹಸ್ತಪ್ರತಿಗಳನ್ನು ಪದಕ್ಕೆ ಪದ ಹೋಲಿಸುವುದು ಅವಳ ಸಂಶೋಧನೆ. ಅದೇ ಕಣ್ಣು ಕನ್ನಡ ಸಂಘದ ಊಟದಲ್ಲಿ ಎರಡು ಮನೆಯ ಪುಳಿಯೋಗರೆಯ ಮೇಲೂ ಬೀಳುತ್ತದೆ. "ಎರಡು ಪ್ರತೀಲೂ ಒಂದೇ ಸಾಲು ಬಿಟ್ಟುಹೋಗಿದ್ರೆ ಅವು ತಾಯಿ-ಮಗಳು ಕಣ್ರೀ, ಒಂದನ್ನ ನೋಡಿ ಇನ್ನೊಂದು ಬರೆದದ್ದು, ಡೌಟೇ ಬೇಡ" ಎಂದು ಸಿಕ್ಕವರಿಗೆಲ್ಲ ಹೇಳುತ್ತಾಳೆ. ಯಾರು ಹಾಡಿದರೂ ನಡುವೆ ಬಾಯಿ ಹಾಕಿ ತಿದ್ದುವ ಇವಳು, ಕೆಲಸಕ್ಕೆ ಹೊರಡುವ ಅವಸರದಲ್ಲಿ ತನ್ನ ಆರತಿ ಹಾಡಿನ ಮೂರನೆಯ ಸಾಲನ್ನು ದಿನವೂ ನುಂಗುತ್ತಾಳೆ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಅಪೂರ್ವ ಮೊನ್ನೆ ಶೂ ಲೇಸು ಕಟ್ಟುತ್ತ ಅದೇ ಹಾಡನ್ನು ಗುನುಗಿದಳು. ಎರಡನೆಯ ಸಾಲಿನಿಂದ ನೇರ ನಾಲ್ಕನೆಯದಕ್ಕೆ ಹಾರಿದಳು. ತಿದ್ದಲು ಬಾಯಿ ತೆರೆದ ನಾಗವೇಣಿ ಐದನೆಯ ಸಾಲಿಗೆ ಮೆಲ್ಲಗೆ ದನಿಗೂಡಿಸಿದಳು.