ಡಾಕ್ಟ್ರು ಬರೆದುಕೊಟ್ಟ ಹತ್ತು ನಿಮಿಷ

ಕಳೆದ ವಾರ ಮುಲ್ಕಿಯಾ ನವೀಕರಿಸಬೇಕಿತ್ತು. ಕಾರಿನ ನೋಂದಣಿ ಕಾರ್ಡಿಗೆ ಇಲ್ಲಿ ಮಸ್ಕತ್ತಿನಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ತಡಕಾಡಿದಾಗ ಕಾರ್ಡಿನ ಬದಲು ಕೈಗೆ ಬಂದದ್ದು ನಾಲ್ಕಾಗಿ ಮಡಚಿದ ಒಂದು ಔಷಧಿ ಚೀಟಿ. ಹಾಳೆ ಹಳದಿಯಾಗಿತ್ತು, ಮೂಲೆಯಲ್ಲಿ ಕರಕ್ ಚಾದ ಕಲೆ. ಮಾತ್ರೆಗಳ ಇಂಗ್ಲಿಷ್ ಹೆಸರುಗಳ ಕೆಳಗೆ, ನೀಲಿ ಶಾಯಿಯಲ್ಲಿ, ದುಂಡಗಿನ ಕನ್ನಡದಲ್ಲಿ ಒಂದು ಸಾಲು: ‘ನಡಿಗೆ, ಹತ್ತು ನಿಮಿಷ. 0–0–1. ಹತ್ತು ದಿನ. ಬಂದು ತೋರಿಸಿ.’

ಮುಲ್ಕಿಯಾ ಮರೆತು ಹಾಗೇ ಕೂತುಬಿಟ್ಟೆ...

ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಿಂದ ಎರಡು ಗಲ್ಲಿ ಆಚೆ ಆ ಚೀಟಿ ಬರೆದ ಡಾಕ್ಟ್ರ ಕ್ಲಿನಿಕ್ ಇತ್ತು. ನನ್ನ ಸಕ್ಕರೆ ಕಾಯಿಲೆ ತೋರಿಸಲು ಅಲ್ಲಿಗೂ ನಾನು ಹೋಗುತ್ತಿದ್ದದ್ದು ಕಾರಿನಲ್ಲೇ. ನಗಬೇಡಿ, ಇಲ್ಲಿ ಎಲ್ಲರೂ ಹಾಗೆಯೇ. ಡಾಕ್ಟ್ರು ಮೂಡುಬಿದಿರೆ ಕಡೆಯವರು, ಅರವತ್ತು ದಾಟಿದವರು. ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ. ಬರೆಯುವಾಗ ಬಿಟ್ಟರೆ ಬಲಗೈಯನ್ನು ಸದಾ ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದರು. ಎಂಥ ಗತ್ತು ಇವರದ್ದು ಅಂತ ನನಗೆ ಒಳಗೊಳಗೇ ನಗು.

ಆ ಮೊದಲ ಚೀಟಿಯನ್ನು ಓದದೆಯೇ ನೇರ ಔಷಧಿ ಅಂಗಡಿಗೆ ಒಯ್ದಿದ್ದೆ. ಕೌಂಟರಿನಲ್ಲಿದ್ದ ಮಲಯಾಳಿ ಮಾತ್ರೆಗಳನ್ನೆಲ್ಲ ತೆಗೆದಿಟ್ಟ. ಕೊನೆಯ ಸಾಲಿಗೆ ಬಂದು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದ: “ಚೇಚಿ, ಯೇ ಕೌನ್ಸಾ ಕಂಪನಿ ಕಾ ಟ್ಯಾಬ್ಲೆಟ್ ಹೈ?” ಅಕ್ಕಾ, ಇದು ಯಾವ ಕಂಪನಿಯ ಮಾತ್ರೆ ಅಂತ.

ಹಿಂದೆ ನಾಲ್ಕು ಜನ ನಿಂತಿದ್ದರು. ಓದಿ ನೋಡಿದ ನನಗೆ ಮೈಯೆಲ್ಲ ಉರಿಯಿತು. ಔಷಧಿ ಕೊಡಿ ಎಂದರೆ ವಾಕಿಂಗ್ ಹೋಗು ಅಂತ ಬರೆದು ಕಳಿಸಿದ್ದಾರಲ್ಲ, ಇದನ್ನು ಹೇಳಲು ಡಾಕ್ಟರೇ ಆಗಬೇಕೇ? ಮನೆಗೆ ಬಂದು ನಮ್ಮವರ ಎದುರು ಅರ್ಧ ಗಂಟೆ ಹಾರಾಡಿದೆ.

ಆ ಸಿಟ್ಟಿನ ಅಡಿಯಲ್ಲಿ ಹೆದರಿಕೆ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಅಮ್ಮನಿಗೂ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಗಾಯ ಮಾಗದೆ ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅಷ್ಟರಲ್ಲಿ ನನ್ನ ಪಾದಗಳೂ ಜೋಮು ಹಿಡಿಯತೊಡಗಿದ್ದವು. ಕಾಲು ಉಳಿಯಬೇಕಾದರೆ ಅದನ್ನು ಬಳಸಲೇಬಾರದು ಎಂದು ನಾನಾಗಿಯೇ ತೀರ್ಮಾನಿಸಿದ್ದೆ, ಮದುವೆ ಸೀರೆಯನ್ನು ಬೀರುವಿನಲ್ಲಿ ಮಡಚಿಟ್ಟ ಹಾಗೆ. ತರಕಾರಿಗೆ ಹೋದರೂ ನಾನು ಕಾರಿನಲ್ಲೇ ಕೂತಿರುತ್ತಿದ್ದೆ, ನಮ್ಮವರು ಇಳಿದು ತರುತ್ತಿದ್ದರು.

ಹತ್ತು ದಿನ ಬಿಟ್ಟು ಹೋದೆ. ಸಕ್ಕರೆ ಇಳಿಯುವ ಬದಲು ಏರಿತ್ತು.

“ಡೋಸ್ ತಪ್ಪಿಸಿದ್ರಾ?” ಅಂತ ಕೇಳಿದರು.

“ಇಲ್ಲ ಡಾಕ್ಟ್ರೇ. ದಿನಾ ಸಂಜೆ ಬೀಚಿಗೆ ಹೋಗಿದ್ದೇನೆ.”

“ಹೇಗೆ ಹೋದ್ರಿ?”

“ಕಾರಲ್ಲಿ.”

“ಅಲ್ಲಿ ಎಂಥ ಮಾಡಿದ್ರಿ?”

ಸುಳ್ಳು ಹೇಳುವುದರಲ್ಲಿ ನಾನು ಕಡಿಮೆಯವಳಲ್ಲ, ಆದರೆ ಆ ಕಣ್ಣುಗಳ ಮುಂದೆ ಅದು ನಡೆಯಲಿಲ್ಲ. ಮಸ್ಕತ್ತಿನಲ್ಲಿ ಚಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಸಾಕು, ಚಾ ಕಿಟಕಿಗೇ ಬರುತ್ತದೆ. ನಾನು ಬೀಚಿನ ದಾರಿಯಲ್ಲಿ ಹಾರ್ನ್ ಹೊಡೆದು, ಸಕ್ಕರೆ ಹಾಕಿ ಕುದಿಸಿದ ಕರಕ್ ಕುಡಿದು, ಎಸಿ ತಂಪಿನಲ್ಲಿ ಸಮುದ್ರ ನೋಡಿ ಬರುತ್ತಿದ್ದೆ. ಎಲ್ಲ ಒಪ್ಪಿಕೊಂಡೆ.

ಅವರು ಜೋರಾಗಿ ನಕ್ಕರು. “ಹಾಗಾದ್ರೆ ನಿಮ್ಮ ಕಾರಿಗೆ ಚಾ ತರುವ ಕಾಕನ ಶುಗರ್ ಇಳಿದಿರ್ಬೇಕು ಮಾರಾಯ್ರೆ!”

ನನಗೆ ನಗು ಬರಲಿಲ್ಲ, ಅಳು ಬಂತು. ಅಮ್ಮನ ಕಾಲಿನ ವಿಷಯ ಆಗಲೇ ಬಾಯಿಬಿಟ್ಟದ್ದು. ಅವರು ನನ್ನ ಚಪ್ಪಲಿ ತೆಗೆಸಿದರು. ಕೆಳಗೆ ಕೂತು ಎಡಗೈಯಲ್ಲಿ ಒಂದೊಂದೇ ಬೆರಳು ಒತ್ತಿ, ಹತ್ತಿ ತಾಗಿಸಿ, ಎಲ್ಲಿ ಗೊತ್ತಾಗುತ್ತದೆ ಎಲ್ಲಿ ಇಲ್ಲ ಎಂದು ಕೇಳುತ್ತ ಹೋದರು. ಅಷ್ಟು ದೊಡ್ಡ ಡಾಕ್ಟ್ರು ನನ್ನ ಪಾದದ ಹತ್ತಿರ ಹಾಗೆ ಕೂತದ್ದು... ನನಗೆ ಇವತ್ತಿಗೂ ಸಂಕೋಚ.

“ಕಾಲು ಉಳಿಸ್ಲಿಕ್ಕೆ ಅಂತ ಕೂತ್ರೆ ಕಾಲೇ ಹೋಗುದು,” ಅಂದರು. “ಮಾತ್ರೆ ಬಿಡ್ಬೇಡಿ. ಇದೂ ಒಂದು ಮಾತ್ರೆ, ನುಂಗುದು ಮಾತ್ರ ಕಾಲಲ್ಲಿ. ಒಳ್ಳೆ ಶೂ ಹಾಕಿ. ಬಂದ ಮೇಲೆ ಪಾದ ನೋಡಿ, ಗಾಯ ಉಂಟಾ ಅಂತ. ಕಾರಿನ ಕೀ ಮನೆಯಲ್ಲಿಡಿ.”

ಮರುದಿನದಿಂದ ಮುಸ್ಸಂಜೆಯ ಮಗ್ರಿಬ್ ಬಾಂಗ್ ಮುಗಿದ ಕೂಡಲೇ ಕೀ ಕೊಕ್ಕೆಯಲ್ಲಿ, ನಾನು ರಸ್ತೆಯಲ್ಲಿ. ಮೊದಲ ದಿನ ಕಂಡ ಪರಿಚಯದವರೆಲ್ಲ ಕಾರು ನಿಲ್ಲಿಸಿ, “ಎಂಥಾಯ್ತು, ಗಾಡಿ ಕೆಟ್ಟಿತಾ? ಹತ್ತಿ, ಬಿಡ್ತೇವೆ” ಅನ್ನುವವರೇ! ಬೇಸಿಗೆಯಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲವೆಂದರೆ ಡಾಕ್ಟ್ರು ನಮ್ಮ ಮಹಡಿಯ ಕಾರಿಡಾರನ್ನೇ ಬರೆದುಕೊಟ್ಟರು. ಆ ತುದಿಯಿಂದ ಈ ತುದಿಗೆ ನಡೆದೆ. ಯಾರ ಮನೆಯಲ್ಲಿ ಏನು ಸಾರು ಅನ್ನುವುದೂ ಗೊತ್ತಾಗುತ್ತಿತ್ತು. ಹತ್ತು ನಿಮಿಷ ಹದಿನೈದಾಯಿತು, 0–0–1 ಹೋಗಿ 1–0–1 ಆಯಿತು. ಮುಂದೆ ನೀರಿನ ಬಾಟಲಿ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು ಕೂಡ ಚೀಟಿಗೆ ಸೇರಿದವು. ಸಕ್ಕರೆ ಹಿಡಿತಕ್ಕೆ ಬಂತು. ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನಲ್ಲಿ ಚೀಲ ಹಿಡಿದು ನಮ್ಮವರಿಗಿಂತ ಮುಂದೆ ನಡೆದ ದಿನ, ನಾನು ಅಮ್ಮನ ಹಾದಿಯಲ್ಲಿಲ್ಲ ಎಂಬ ಧೈರ್ಯ ಬಂತು.

ಚೀಟಿಗಳನ್ನೆಲ್ಲ ಶೂ ಡಬ್ಬಿಯಲ್ಲಿ ಕೂಡಿಟ್ಟಿದ್ದೆ. ಈ ಮೊದಲನೆಯದು ಕಾರಿನಲ್ಲೇ ಉಳಿದಿತ್ತು. ಮುಲ್ಕಿಯಾ ಕೆಲಸ ಮುಗಿಸಿ ಬಂದವಳು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದೆ. ಆಗ ಕಣ್ಣಿಗೆ ಬಿತ್ತು. ಮೊದಲ ಚೀಟಿಯ ದುಂಡು ಅಕ್ಷರಗಳು ಒಂದೊಂದು ಚೀಟಿಗೂ ಸಣ್ಣವಾಗುತ್ತ ಬಂದಿವೆ. ಕೊನೆಯದರಲ್ಲಂತೂ ಸಾಸಿವೆ ಕಾಳಿನಷ್ಟು, ಸಾಲು ನಡುಗಿ ಕೆಳಗಿಳಿದಿದೆ.

ಅವರು ಕ್ಲಿನಿಕ್ ಬಿಟ್ಟು ಊರಿಗೆ ಹೋದ ಮೇಲೆಯೇ ನಮಗೆಲ್ಲ ತಿಳಿದದ್ದು, ಅವರಿಗೆ ಪಾರ್ಕಿನ್ಸನ್ಸ್ ಎಂದು, ಹೆಜ್ಜೆ ಅಕ್ಷರ ಎರಡನ್ನೂ ಕುಗ್ಗಿಸುವ ನಡುಕದ ಕಾಯಿಲೆ. ಜೇಬಿನಲ್ಲಿದ್ದ ಕೈ ಗತ್ತಿನದಲ್ಲ, ನಡುಗುತ್ತಿದ್ದ ಕೈ. ಎಷ್ಟೋ ಸಂಜೆ ನಾನು ನಡೆಯುವ ರಸ್ತೆಯ ಆಚೆ ಬದಿಯಲ್ಲಿ ಅವರೂ ಹೆಜ್ಜೆ ಎಳೆಯುತ್ತ ಹೋಗುವುದನ್ನು ಕಂಡಿದ್ದೆ. ವಯಸ್ಸಾಯಿತು ಪಾಪ ಅಂದುಕೊಂಡಿದ್ದೆ. ತಮಗೆ ತಾವೇ ಬರೆದುಕೊಂಡ ಡೋಸ್ ಅದು. ನನ್ನ ಪಾದದ ಒಂದೊಂದು ಬೆರಳನ್ನೂ ಕೇಳಿದ ಮನುಷ್ಯನಿಗೆ, ನಿಮ್ಮ ಕೈಗೆ ಏನಾಗಿದೆ ಡಾಕ್ಟ್ರೇ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಹೋದ ವರ್ಷ ಊರವರ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ...

ಕೊನೆಯ ಚೀಟಿಯನ್ನು ಮತ್ತೆ ಹತ್ತಿರ ಹಿಡಿದು ಓದಿದೆ. ‘ನಡಿಗೆ, ಮೂವತ್ತು ನಿಮಿಷ. 1–0–1.’ ಎಷ್ಟು ದಿನ ಎಂದು ಬರೆದಿಲ್ಲ. ‘ಬಂದು ತೋರಿಸಿ’ ಎಂದೂ ಇಲ್ಲ. ಆಗ ಮರೆತಿದ್ದಾರೆ ಅಂದುಕೊಂಡಿದ್ದೆ.

ಬಾಂಗ್ ಆಯಿತು. ಕಾರಿನ ಕೀಯನ್ನು ಕೊಕ್ಕೆಗೆ ಹಾಕಿ, ಶೂ ಲೇಸ್ ಬಿಗಿದು ಮೆಟ್ಟಿಲಿಳಿದೆ. ಮೂವತ್ತು ನಿಮಿಷ, ಒಂದೂ ಕಡಿಮೆ ಮಾಡದೆ ನಡೆದು ಬಂದೆ. ಬಾಗಿಲ ಬಳಿ ಕೂತು ಶೂ ಬಿಚ್ಚಿ ಎರಡೂ ಪಾದಗಳನ್ನು ದೀಪಕ್ಕೆ ಹಿಡಿದು ನೋಡಿದೆ. ಗಾಯ ಇಲ್ಲ ಡಾಕ್ಟ್ರೇ, ಎಲ್ಲಿಯೂ ಇಲ್ಲ.