ಬೀಗತಿಯ ಫ್ರೆಂಚ್ ಊಟ

ಅಳಿಯನ ತಾಯಿ ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ನ್ಯೂಯಾರ್ಕ್ ಕಡೆಯ ನಮ್ಮ ಹಿಲ್ಸ್‌ಬರೋಗೆ ಬರುತ್ತಾಳೆಂದು ಗೊತ್ತಾದ ದಿನವೇ ನಮ್ಮ ಮನೆಯ ಮೊಟ್ಟೆಗಳು ಗರಾಜಿಗೆ ಹೋದವು. ಅಳಿಯ ತಾನೇ ಡಬ್ಬಿಗಳನ್ನು ಎತ್ತಿಕೊಂಡು ಹೋಗಿ ಅಲ್ಲಿರುವ ಹಳೇ ಫ್ರಿಜ್ಜಿನಲ್ಲಿ, ಸೋಡಾ ಬಾಟಲಿಗಳ ಹಿಂದೆ ಅಡಗಿಸಿಟ್ಟ. ಮಾರಿಸ್‌ಟೌನಿನ ಆಫೀಸಿನಲ್ಲಿ ಜನರನ್ನು ನಡುಗಿಸುತ್ತಾನಂತೆ. ಮನೆಯಲ್ಲಿ, ಮೊಟ್ಟೆಯ ವಾಸನೆ ಹಿಡಿಯುವ ತಾಯಿಯ ಮೂಗಿಗೆ ನಡುಗುತ್ತಾನೆ.

ನಾನೂ ಮೊಟ್ಟೆ ತಿನ್ನುವವಳಲ್ಲ. ಗದಗಿನ ಕಡೆಯವಳು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಏಳು ವರ್ಷದಿಂದ ಮಗಳ ಮನೆಯಲ್ಲಿದ್ದೇನೆ. ನಾನು ತಿನ್ನುವುದಿಲ್ಲ ಅಂದರೆ ನಾನು ತಿನ್ನುವುದಿಲ್ಲ, ಅಷ್ಟೇ. ಪಕ್ಕದವರ ತಾಟಿನಲ್ಲಿ ಏನಿದೆ ಎಂದು ಬಗ್ಗಿ ನೋಡುವ ಚಟ ನನಗಿಲ್ಲ. ಮೊಮ್ಮಗಳಿಗೆ ಬೆಳಗ್ಗೆ ಆಮ್ಲೆಟ್ ಬೇಕು. ಬೀಗತಿ ಬಂದ ಮೇಲೆ ಮಗಳು ಕರೆಂಟಿನ ಒಲೆಯನ್ನು ಗರಾಜಿನಲ್ಲಿ, ಹುಲ್ಲು ಕತ್ತರಿಸುವ ಮಷಿನ್ನಿನ ಪಕ್ಕ ಹೂಡಿದಳು. ಕೂಸು ಜಾಕೆಟ್ ಹಾಕಿಕೊಂಡು ಕಾರಿಗೆ ಒರಗಿ ನಿಂತು ಆಮ್ಲೆಟ್ ತಿಂದು ಸ್ಕೂಲ್ ಬಸ್ಸು ಹತ್ತುತ್ತಿತ್ತು.

ಅದೂ ನಡೆಯುತ್ತಿತ್ತು. ಆದರೆ ಮೊಮ್ಮಗಳಿಗೆ ಒಂಬತ್ತು ತುಂಬುವ ದಿನ ಹತ್ತಿರ ಬಂತು. ಈ ಸಲ ಹುಟ್ಟುಹಬ್ಬದ ಕೇಕು ತಾನೇ ಮಾಡುತ್ತೇನೆ ಎಂದು ವರ್ಷದಿಂದ ಕುಣಿಯುತ್ತಿದ್ದಳು. ವಿಡಿಯೋ ನೋಡಿ ನೋಡಿ ಬಾಯಿಪಾಠ ಮಾಡಿದ್ದಳು: ನಾಲ್ಕು ಮೊಟ್ಟೆ, ಅಡಿಗೆಮನೆಯ ಓವನ್ನು, ಮೂವತ್ತೈದು ನಿಮಿಷ. ಗೆಳತಿಯರನ್ನು ಕರೆದೂ ಆಗಿತ್ತು. ಆ ಸುದ್ದಿ ಬೀಗತಿಯ ಕಿವಿಗೆ ಬಿತ್ತು.

“ಆ ಓವನ್‌ನಲ್ಲಿ ಮೊಟ್ಟೆ ಬೆಂದ್ರೆ ನಾನು ಈ ಮನೇಲಿ ನೀರೂ ಮುಟ್ಟಲ್ಲ. ಎಗ್‌ಲೆಸ್ ತರಿಸಿ, ಅದಕ್ಕೇನಾಗಿದೆ?” ಎಂದಳು.

ಏನಾಗಿದೆ ಎಂದು ನಮಗೆ ಗೊತ್ತಿತ್ತು. ಹೋದ ವರ್ಷ ಅದನ್ನೇ ತರಿಸಿದ್ದೆವು. ಮಕ್ಕಳು ಮೇಲಿನ ಕ್ರೀಮು ನೆಕ್ಕಿ ಎದ್ದು ಹೋದರು. ಉಳಿದದ್ದನ್ನು ಹಿತ್ತಲಲ್ಲಿ ಹಾಕಿದೆ. ಅಳಿಲು ಬಂದು ಮೂಸಿ ವಾಪಸ್ಸು ಹೋಯಿತು.

ಅಳಿಯ ತಾಯಿಯ ಮುಂದೆ ಬಾಯಿ ಬಿಡಲಿಲ್ಲ. ಸೊಸೆಯಾದವಳು ಬಿಟ್ಟರೆ ಜಗಳ. ಮೊಮ್ಮಗಳು ನನ್ನ ಕೋಣೆಗೆ ಬಂದು, “ಆಯಿ, ಇಟ್ಸ್ ನಾಟ್ ಫೇರ್. ಡೂ ಸಮ್‌ಥಿಂಗ್,” ಎಂದು ನನ್ನ ಸೆರಗಿಗೆ ಮೂಗು ಒರೆಸಿದಳು. ಸೆರಗು ತೊಳೆಯಲು ಹಾಕಿದೆ. ಬೇರೇನು ಮಾಡಲಿ?

ಈ ಬೀಗತಿ ಕೆಲವು ವರ್ಷಗಳ ಹಿಂದೆ ಟೂರ್ ಬಸ್ಸಿನಲ್ಲಿ ಪ್ಯಾರಿಸ್ ನೋಡಿ ಬಂದವಳು. ನೋಡಿದ್ದು ಮೂರು ದಿನ, ಹೇಳುವುದು ಇನ್ನೂ ಮುಗಿದಿಲ್ಲ. “ನ್ಯೂಯಾರ್ಕ್‌ವರೆಗೂ ಬಂದು ಒಂದು ಫ್ರೆಂಚ್ ಊಟ ಮಾಡ್ದೆ ಹೋಗೋದಾ?” ಎಂದು ದಿನಾ ರಾಗ ಎಳೆದಳು. ಕಡೆಗೊಂದು ಶನಿವಾರ ಅಳಿಯ ನಮ್ಮನ್ನು ಸಿಟಿಗೆ ಕರೆದುಕೊಂಡು ಹೋದ. ನಾಲ್ಕೂ ಹೆಂಗಸರನ್ನು ಹೋಟೆಲಿನ ಬಾಗಿಲಲ್ಲಿ ಇಳಿಸಿ, ತಾನು ಪಾರ್ಕಿಂಗ್ ಹುಡುಕಲು ಹೋದ. ಹೋದವನು ಹೋದ.

ಒಳಗೆ ಮೇಜುಗಳು ಎಷ್ಟು ಒತ್ತಾಗಿದ್ದವೆಂದರೆ ಪಕ್ಕದವರ ಊಟ ನಮ್ಮ ಮಡಿಲಿನಲ್ಲೇ ಇತ್ತು. ಬಿಳಿ ಗಡ್ಡದ ವೇಟರ್ ಬಂದ. ಬೀಗತಿ ಕನ್ನಡಕ ಏರಿಸಿ ಪೋಲೀಸರ ಹಾಗೆ ವಿಚಾರಣೆ ಶುರು ಮಾಡಿದಳು.

“ಆನಿಯನ್ ಸೂಪ್. ಮೀಟ್ ಇಲ್ಲ ತಾನೆ? ಚಿಕನ್? ಎಗ್?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ದನದ ಎಲುಬು ಕುದಿಸಿದ ನೀರಿನಲ್ಲೇ ಮಾಡುವುದು ಎಂದು ಅವನು ನಗುನಗುತ್ತ ಹೇಳಿದ. ಬೀಗತಿ ಕುರ್ಚಿಯಿಂದ ಅರ್ಧ ಎದ್ದಳು. ಹೆಸರು ಉಳ್ಳಾಗಡ್ಡಿಯದು, ಒಳಗೆ ದನ. ಸಿಟಿ ನೋಡಲು ಬರುವ ನಮ್ಮಂಥವರು ಇದೊಂದು ತಿಳಿದುಕೊಂಡಿರಿ: ಫ್ರಾನ್ಸಿನವರ ಅಡಿಗೆಯಲ್ಲಿ ಹೆಸರನ್ನು ನಂಬಬಾರದು, ಕೇಳಬೇಕು.

ಆಮೇಲೆ ರಾಟಟೂಯಿ ಎಂದೊಂದು ಬಂತು. ಬದನೆಕಾಯಿ, ಟೊಮೆಟೊ, ಸೌತೆಯಂಥದೊಂದು ಕಾಯಿ, ಎಲ್ಲವನ್ನೂ ಗುಂಡಗೆ ಹೆಚ್ಚಿ ಬಳೆ ಜೋಡಿಸಿದ ಹಾಗೆ ಜೋಡಿಸಿದ್ದರು. ಇಷ್ಟು ಪುರುಸೊತ್ತು ಇದ್ದವರಿಗೆ ಒಂದು ಒಗ್ಗರಣೆ ಹಾಕಲು ಏನು ರೋಗ? ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಉದುರಿಸಿದೆ. ಆಗ ಅದಕ್ಕೆ ಜೀವ ಬಂತು. ಗ್ಯಾಲೆಟ್ ಎನ್ನುವುದು ಕಂದು ಹಿಟ್ಟಿನ ದೋಸೆ, ನಮ್ಮ ರಾಗಿ ದೋಸೆಯ ದೂರದ ಸಂಬಂಧಿ. ನಾಲ್ಕು ಅಂಚನ್ನೂ ಒಳಗೆ ಮಡಚಿ ನಡುವೆ ಚೀಸು, ಅಣಬೆ ಇಡುತ್ತಾರೆ. ಮೇಲೊಂದು ಮೊಟ್ಟೆಯನ್ನೂ ಒಡೆಯುತ್ತಾರಂತೆ. ಬೀಗತಿ ಅದು ಬೇಡವೆಂದಳು. ಹಿಟ್ಟಿಗೆ ಎಗ್ ಹಾಕಿದ್ದೀರಾ ಎಂದು ಎರಡು ಸಲ ಕೇಳಿದಳು. ಬರೀ ಹಿಟ್ಟು, ನೀರು, ಉಪ್ಪು ಎಂದ ಮೇಲೆಯೇ ಮುಟ್ಟಿದ್ದು. ಮೇಜಿನ ಮೇಲಿದ್ದ ಬ್ರೆಡ್ಡಿಗೂ ಕೇಳಿದಳು. ವೇಟರನ ನಗು ಅಷ್ಟು ಹೊತ್ತಿಗೆ ಮುಗಿದಿತ್ತು.

ಕೊನೆಗೆ ಸಿಹಿ. ಅವನು ಪಟ್ಟಿ ಚಾಚಿದ. ಬೀಗತಿ ಅದನ್ನು ತೆರೆಯಲೂ ಇಲ್ಲ.

“ಕ್ರೆಮ್ ಬ್ರೂಲೆ,” ಎಂದಳು. ಅಷ್ಟೇ. ಮೀಟ್ ಇಲ್ಲ, ಫಿಶ್ ಇಲ್ಲ, ಒಂದು ಪ್ರಶ್ನೆಯೂ ಇಲ್ಲ.

ಅಂಗೈಯಗಲದ ಬಟ್ಟಲು ಬಂತು. ಗಟ್ಟಿ ಕೆನೆಯ ಮೇಲೆ ಸಕ್ಕರೆ ಸುರಿದು ಬೆಂಕಿಯಲ್ಲಿ ಸುಟ್ಟಿದ್ದರು, ಗಾಜಿನ ಹಾಗೆ ಹೊಳೆಯುತ್ತಿತ್ತು. ಬೀಗತಿ ಚಮಚದ ಬೆನ್ನಿನಿಂದ ಟಕ್ಕೆಂದು ಒಡೆದಳು. ಪಳಗಿದ ಕೈ.

ಮೊಮ್ಮಗಳು ನನ್ನ ಕಿವಿಗೆ ಬಾಯಿ ಇಟ್ಟು, “ಆಯಿ, ದಟ್ಸ್ ಲೈಕ್, ಆಲ್ ಎಗ್ ಯೋಕ್ಸ್. ಶುಡ್ ಐ ಟೆಲ್ ಹರ್?” ಎಂದಳು. ಬರೀ ಮೊಟ್ಟೆಯ ಹಳದಿಯಂತೆ! ನನಗೆ ಬರುವ ಇಂಗ್ಲಿಷು ಅಷ್ಟಕ್ಕೆ ಸಾಕಾಯಿತು. ಮೇಜಿನ ಕೆಳಗೆ ಅವಳ ತೊಡೆ ಚಿವುಟಿದೆ. ಮಗಳು ನೀರಿನ ಗ್ಲಾಸಿನಲ್ಲಿ ಮುಖ ಮುಳುಗಿಸಿದಳು.

ಬೀಗತಿ ಬಟ್ಟಲು ಕೆರೆದು, “ಪಾಪ, ಮಗೂಗೂ ಒಂದು ಹೇಳಿ,” ಎಂದಳು. ಮಗುವಿಗೆ ಬಂದ ಎರಡನೆಯದರಲ್ಲೂ ಅರ್ಧ ಅವಳೇ ತಿಂದಳು. ಅದೇ ಹೊತ್ತಿಗೆ ಪಾರ್ಕಿಂಗ್ ಸಿಕ್ಕಿ ಅಳಿಯ ಬೆವರು ಒರೆಸುತ್ತ ಬಂದ. ತಾಯಿಯ ಕೈಯಲ್ಲಿದ್ದ ಬಟ್ಟಲು ನೋಡಿ ಅವನ ಮುಖ ಸುಣ್ಣವಾಯಿತು.

“ಅಮ್ಮಾ, ಅದು...”

“ಕೂಡ್ರಿ ಅಳಿಯಂದ್ರ, ದ್ವಾಸಿ ಆರಿ ಹೋಗಾಕತ್ತೈತಿ,” ಎಂದು ಅವನ ಮುಂದೆ ತಟ್ಟೆ ತಳ್ಳಿ ಕಾಲು ತುಳಿದೆ. ಪಾಪದವನು, ತಾಯಿಯ ನೇಮ ತನ್ನಿಂದ ಕೆಟ್ಟಿತೆಂದು ಸೋಮವಾರ ಉಪವಾಸ ಮಾಡಿದ.

ಹೋಟೆಲಿಗೆ ಹೋದ ಮಾರನೆಯ ದಿನ ಬೆಳಗ್ಗೆ ಅಡಿಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳ ಮುಂದೆ ಕಾಫಿ ಇಟ್ಟೆ.

“ಬೀಗ್ರ, ನಿನ್ನಿ ಸೂಪಿಗೆ ಕೇಳಿದ್ರಿ, ದ್ವಾಸಿಗೆ ಕೇಳಿದ್ರಿ, ಒಣಾ ಬ್ರೆಡ್ಡಿಗೂ ಕೇಳಿದ್ರಿ, ತತ್ತಿ ಐತೇನು ಅಂತ. ಆ ಸಿಹಿಗೆ ಯಾಕ ಕೇಳಲಿಲ್ರೀ?”

ಅವಳು ಲೋಟದೊಳಗೆ ನೋಡಿದಳು. ಬಾಗಿಲ ಕಡೆ ನೋಡಿದಳು. “ಕೇಳಿದ್ರೆ ಹೇಳ್ಬಿಡ್ತಾರಲ್ಲ ಬೀಗ್ರೇ,” ಎಂದಳು.

ನಕ್ಕ ರಭಸಕ್ಕೆ ನನ್ನ ಕಾಫಿ ಮೂಗಿಗೆ ಏರಿತು. ಅವಳು ತಾನೇ ನನ್ನ ನೆತ್ತಿ ತಟ್ಟಿ ಉಳಿದದ್ದನ್ನೂ ಹೇಳಿದಳು. “ಪ್ಯಾರಿಸ್‌ನಲ್ಲಿ ಮೊದಲನೇ ದಿನ ಗೊತ್ತಿಲ್ದೆ ತಿಂದೆ. ಎರಡನೇ ದಿನ ತಿಂದ್ಮೇಲೆ ಗೈಡ್ ಏನೋ ಹೇಳೋಕೆ ಬಂದ. ನಾನು ಬಸ್ ಹತ್ತಿ ಕೂತ್ಬಿಟ್ಟೆ.”

“ಮೂರನೇ ದಿನ?”

“ಮೂರನೇ ದಿನ ಅವನು ಹೇಳೋಕೆ ಬರ್ಲಿಲ್ಲ.” ಆಮೇಲೆ ದನಿ ತಗ್ಗಿಸಿದಳು. “ನನ್ನ ಮಗನಿಗೆ ಹೇಳ್ಬೇಡಿ ಮಾರಾಯ್ರೆ. ಕಾಲೇಜಲ್ಲಿದ್ದಾಗ ಆಮ್ಲೆಟ್ ತಿಂದು ಬಂದ ಅಂತ ಎರಡು ದಿನ ಅವನ ಜೊತೆ ಮಾತಾಡಿರ್ಲಿಲ್ಲ ನಾನು.”

“ಹೇಳಂಗಿಲ್ಲ. ಆದ್ರ ಕೂಸಿನ ಕೇಕಿಗೂ ನೀವು ಏನೂ ಕೇಳಂಗಿಲ್ಲ.”

“ಓವನ್ನು?”

“ಓವನ್ನಿಗೂ ಕೇಳಬ್ಯಾಡ್ರಿ.”

ಕಾಫಿ ಮುಗಿಯುವವರೆಗೆ ಯೋಚಿಸಿದಳು. ಲೋಟ ತಾನೇ ತೊಳೆದಿಟ್ಟಳು. ಬಂದ ಮೇಲೆ ಅದೇ ಮೊದಲು. ಒಪ್ಪಿದಳು ಎಂದು ತಿಳಿದೆ.

ಹುಟ್ಟುಹಬ್ಬದ ದಿನ ಬೆಳಗ್ಗೆಯೇ ಅವಳು ಮೂಗಿಗೆ ಕರ್ಚೀಫು ಹಿಡಿದು, “ಏನು ನೆಗಡಿ ಅಂತೀರಾ! ಯಾವ ವಾಸನೆನೂ ಬರ್ತಿಲ್ಲ ನಂಗೆ,” ಎಂದು ಮನೆಯೆಲ್ಲ ಸಾರಿದಳು. ಮೊಮ್ಮಗಳು ಅಡಿಗೆಮನೆಯಲ್ಲಿ ನಾಲ್ಕು ಮೊಟ್ಟೆ ಒಡೆದಳು. ಒಂದು ನೆಲಕ್ಕೆ ಬಿತ್ತು, ಗರಾಜಿನಿಂದ ಐದನೆಯದು ಬಂತು. ಕೇಕು ನಡುವೆ ಕುಸಿದಿತ್ತು. ಹುಡುಗಿಯರು ತಮ್ಮ ತಟ್ಟೆಯಲ್ಲಿ ಒಂದು ಚೂರೂ ಉಳಿಸದೆ ತಿಂದರು. ಬೀಗತಿ ಎರಡು ತುಂಡು ತಿಂದಳು.

ಅಳಿಯನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಅದರಲ್ಲಿ...”

“ನಂಗೆ ನೆಗಡಿ ಕಣೋ,” ಎಂದಳು ಬೀಗತಿ, ಮೂರನೆಯ ತುಂಡಿಗೆ ಕೈ ಚಾಚುತ್ತ.

ನಾನು ತಿಂದೆನೇ ಎಂದು ನೀವು ಕೇಳಬಾರದು.

ಬೀಗತಿ ಊರಿಗೆ ಹೋಗಲು ಇನ್ನೂ ಮೂರು ವಾರವಿದೆ. ಮೊಟ್ಟೆಯ ಡಬ್ಬಿ, ಆಮ್ಲೆಟ್ಟಿನ ಒಲೆ ಎರಡೂ ಗರಾಜಿನಲ್ಲೇ ಇವೆ, ಒಳಗೆ ತರಲು ಅಳಿಯನಿಗೆ ಧೈರ್ಯವಿಲ್ಲ. ಮೊಮ್ಮಗಳನ್ನು ಬಸ್ಸಿಗೆ ಹತ್ತಿಸುವ ಕೆಲಸ ಈಗ ಬೀಗತಿ ವಹಿಸಿಕೊಂಡಿದ್ದಾಳೆ. ಬಸ್ಸು ಬರುವುದು ಎಂಟಕ್ಕೆ. ಇವಳು ಏಳೂವರೆಗೇ ಜಾಕೆಟ್ ಹಾಕಿಕೊಂಡು ಗರಾಜಿಗೆ ಇಳಿಯುತ್ತಾಳೆ. ಇಷ್ಟು ಬೇಗ ಯಾಕೆ ಎಂದು ನಾನು ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.