ಯೂ ಮರದ ಸೊಪ್ಪು

ನಮ್ಮ ಬಕಿಂಗ್‌ಹ್ಯಾಮ್ ಗುಡ್ಡಗಳ ಕಡೆ ಯಾವ ಹೆಂಡದಂಗಡಿಗೆ ಹೋಗಿ ಕೂತರೂ ಬೆನ್ನಿಗೆ ತಾಗುವುದು ಆಂಬ್ರೋಸ್ ಪೆಟಿಫರ್ ಬಾಗಿಸಿದ ಬಾಗು. ಸೊಂಟದ ಬಳಿ ಒಳಕ್ಕೆ ಸರಿದು ಹೆಗಲ ಹತ್ತಿರ ಅಗಲವಾಗುವ ಆ ಕುರ್ಚಿಬೆನ್ನು ಅವನ ಕೈಯದು. ಅದನ್ನು ನೋಡಿ ಕದ್ದವರು ತಮ್ಮ ಹೆಸರಿನ ಮುದ್ರೆ ಒತ್ತಿಕೊಂಡು ದೊಡ್ಡ ಮನುಷ್ಯರಾದರು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ನಾನು ಜೋಯೆಲ್, ಅವನ ಕುರ್ಚಿಗಳನ್ನು ಲಂಡನ್ನಿಗೆ ಸಾಗಿಸುತ್ತಿದ್ದ ಗಾಡಿಯವನು. ನಾನು ಅವನನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದೆ.

ಕುರ್ಚಿಯ ಕಾಲಿಗೆ, ಕೂರುವ ಹಲಗೆಗೆ ಅವನು ಯಾವ ಮರವನ್ನಾದರೂ ಒಪ್ಪಿಯಾನು, ಬೆನ್ನಿಗೆ ಮಾತ್ರ ಯೂ ಮರವೇ ಆಗಬೇಕು. ಹಬೆಯಲ್ಲಿ ಬೆಂದ ಯೂ ಹೇಳಿದಂತೆ ಬಾಗುತ್ತದೆ. ಆದರೆ ಅದರ ಹುಲ್ಲೆಸಳಿನಂಥ ಸೊಪ್ಪು ದನಕರು, ಕುದುರೆಗಳಿಗೆ ವಿಷ, ಒಂದು ತುತ್ತು ಸಾಕು. ನಮ್ಮೂರಲ್ಲಿ ಆ ಮರ ಇದ್ದದ್ದು ಚರ್ಚಿನ ಗೋರಿಗಳ ನಡುವೆ, ಗೋಡೆಯ ಒಳಗೆ. ಕೊಂಬೆ ಕಡಿದರೆ ಸೊಪ್ಪನ್ನೆಲ್ಲ ಅಲ್ಲೇ ಗುಡಿಸಿ, ಅಲ್ಲೇ ಸುಟ್ಟು, ಬೋಳು ಮರವನ್ನಷ್ಟೇ ಹೊರಗೆ ತರಬೇಕು. ಪಾದ್ರಿ ಪ್ರಾರ್ಥನೆ ಮರೆತರೂ ಮರೆತಾನು, ಮೇಸ್ತ್ರಿ ಸೊಪ್ಪು ಸುಡುವುದನ್ನು ಮರೆತವನಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅವನ ಕೆಲಸದಲ್ಲಿ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಪ್ರತಿ ಬಾಗನ್ನೂ ಹೆಬ್ಬೆರಳಿಂದ ಸವರಿ ಸವರಿ ನೋಡುತ್ತಿದ್ದ. ಗಿರಾಕಿಗಳು ಎಂಥ ತನ್ಮಯತೆ ಎಂದು ತಲೆದೂಗಿದರು. ಒಂದು ದಿನ ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟನ್ನೇ ನಾನೆಂದುಕೊಂಡು ಅದರ ಕ್ಷೇಮ ಸಮಾಚಾರ ಕೇಳಿದ. ನನಗೆ ನಗು ಬಂತು, ಅರ್ಧಕ್ಕೇ ನಿಂತಿತು. ಅವನ ಹೆಂಡತಿ ತಬಿತಾ ನನ್ನನ್ನು ಸೌದೆಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದಳು.

“ಕಣ್ಣು ಹೋಗ್ತಿದೆ ಜೋಯೆಲ್. ಊರಿಗೆ ಗೊತ್ತಾದ್ರೆ ಕೆಲಸ ಕೊಡೋರು ಯಾರು? ಕೆಲಸ ಬಿಡಿಸಿದ್ರೆ ಈ ಮನುಷ್ಯ ಬದುಕೋದಿಲ್ಲ.”

ಹಿಮ ಬೀಳುವ ಕಾಲಕ್ಕೆ ಇನ್ನೊಂದು ಕೊಂಬೆ ಬೇಕಾಯಿತು. ನನ್ನ ಹೆಣ್ಣುಕುದುರೆ ಡಾರ್ಕಸ್‌ಳನ್ನು ಚರ್ಚಿನ ಗೋಡೆಯ ಹೊರಗೆ ಕಟ್ಟಿ, ಅವಳ ಹುಲ್ಲಿನ ಹೊರೆಯನ್ನು ನೆನೆಯದಿರಲೆಂದು ಗೋಡೆಯ ಮೇಲಿಟ್ಟೆ. ಕೊಂಬೆ ಕಡಿದದ್ದಾಯಿತು. ಸೊಪ್ಪಿಗೆ ಹಚ್ಚಿದ ಬೆಂಕಿ ಹಿಮದಲ್ಲಿ ಹತ್ತಲೊಲ್ಲದು. ಮೇಸ್ತ್ರಿ ಸೊಪ್ಪನ್ನು ಗೋಡೆಯ ಒಳಬದಿಗೆ, ಹುಲ್ಲಿನ ಹೊರೆಯ ಹತ್ತಿರವೇ, ಗೋಡೆಯೆತ್ತರಕ್ಕೆ ರಾಶಿ ಹಾಕಿದ. ನಾನು ನೋಡಿಕೊಳ್ಳುತ್ತೇನೆ ಬಿಡು ಎಂದರೆ ಸಿಡುಕಿದ.

“ನೀನು ನಿನ್ ಗಾಡಿ ನೋಡ್ಕೋ ಕಣಯ್ಯ. ನನಗೇನು ಕಣ್ಣಿಲ್ವಾ?”

ನಾನು ಗಾಡಿಯ ಹಿಂದೆ ಬಗ್ಗಿ ಕೊಂಬೆಗೆ ಹಗ್ಗ ಬಿಗಿಯುತ್ತಿದ್ದೆ. ಮುಂದೆ ಅವನು ಡಾರ್ಕಸ್‌ಳನ್ನು ಮುದ್ದುಮಾಡುವುದು ಕೇಳಿಸುತ್ತಿತ್ತು. ಅವಳಿಗೆ ತಿನ್ನಿಸುವುದೆಂದರೆ ಅವನಿಗೆ ಮೊದಲಿನಿಂದಲೂ ಖುಷಿ. ಹುಲ್ಲು ತಿನ್ನುತ್ತಿದ್ದಾಳೆ ಎಂದುಕೊಂಡೆ. ನಿಧಾನವಾಗಿ ಅಗಿಯುವ ಸದ್ದು ಹಿಮದಲ್ಲಿ ಸ್ಪಷ್ಟವಾಗಿತ್ತು.

ಅಲ್ಲಿಂದ ಹೊರಟ ಮೇಲೆ ದಿಣ್ಣೆಯ ನಡುವೆ ಅವಳು ನಿಂತುಬಿಟ್ಟಳು. ಮೈಯೆಲ್ಲ ನಡುಗಿತು. ಗಾಡಿಯಿಂದ ಬಿಚ್ಚುವಷ್ಟರಲ್ಲಿ ಮಂಡಿ ಕುಸಿದು ಪಕ್ಕಕ್ಕೆ ಉರುಳಿದಳು, ಮತ್ತೆ ಏಳಲಿಲ್ಲ. ಬಾಯಿ ಬಿಡಿಸಿ ನೋಡಿದೆ. ಹಲ್ಲಿನ ಸಂದಿಯಲ್ಲಿ ಕಡುಹಸಿರು ಎಸಳುಗಳು.

“ಏನದು?” ಎಂದ ಮೇಸ್ತ್ರಿ.

“ಯೂ ಸೊಪ್ಪು.”

ಅವನು ದಪ್ಪ ಉಣ್ಣೆಯ ಕೈಗವಸು ಕಿತ್ತೆಸೆದು, ಮಂಡಿಯೂರಿ, ಬರಿಗೈಯಲ್ಲಿ ಅವಳ ತುಟಿ ತಡವಿದ. ಒಂದು ಎಸಳು ಬೆರಳಿಗೆ ಸಿಕ್ಕಿತು. ಅದನ್ನು ಹೊರಳಿಸಿ ಹೊರಳಿಸಿ ನೋಡಿದ.

“ಹುಲ್ಲು ಅಂತ್ಲೇ ಕೊಟ್ಟೆ ಕಣೋ. ಗೋಡೆ ಹತ್ರದಿಂದ ಬಾಚಿ ನಾನೇ ತಿನ್ನಿಸ್ದೆ.”

ಕೆಟ್ಟ ಬೈಗುಳ ಬಾಯಿಗೆ ಬಂದಿತ್ತು. ತಲೆಯೆತ್ತಿದರೆ ಅವನು ಬೇಲಿಯ ಪೊದೆಯೊಂದರ ಕಡೆಗೆ ಮುಖ ಮಾಡಿ ಮಾತಾಡುತ್ತಿದ್ದ. ಅದೇ ಹೊತ್ತಿಗೆ ಮೇಸ್ತ್ರಿಯ ಎದುರಂಗಡಿಯ ಕುರ್ಚಿಕೆಲಸದವರು ದಿಣ್ಣೆ ಇಳಿದು ಬಂದು ಕುದುರೆಯ ಸುತ್ತ ನಿಂತರು. ಅವರ ದನಿ ಯಾರದೆಂದು ಅವನಿಗೂ ಗೊತ್ತಾಯಿತು. ತಬಿತಾಳ ಮುಖ ನೆನಪಾಗಿ, ಅವನು ಕಣ್ಣಿನ ವಿಷಯ ಬಾಯಿ ಬಿಡದಿದ್ದರೆ ಸಾಕಪ್ಪ ಎಂದು ನಾನು ಒಳಗೇ ಬೇಡಿಕೊಂಡೆ.

ಅವನು ಅವರೆಲ್ಲರ ಮುಂದೆ ಗಾಳಿಯಲ್ಲಿ ಕೈ ಚಾಚಿದ.

“ಎಲ್ಲಿದ್ದೀಯ ಜೋಯೆಲ್? ಮನೆವರೆಗೂ ಕೈ ಹಿಡ್ಕೊಂಡು ಬಿಡು. ನನಗೆ ದಾರಿ ಕಾಣ್ತಿಲ್ಲ.”